‘ಕೊಡಬೇಕು’ ಎಂದು ಬರೆದರೆ ವಾಕ್ಯವೇ ಮಾಯ: 68 ಕೀಗಳ ವೈರ್‌ಲೆಸ್ ಕೀಬೋರ್ಡ್‌ನ ಒಂದು ಪ್ರಕರಣ

ಎಕ್ಸೆಲ್ ಹಾಳೆಯ ಎಡಗಡೆ ಇಂಗ್ಲಿಷ್ ವಾಕ್ಯ, ಬಲಗಡೆಯ ಖಾನೆಯಲ್ಲಿ ಅದರ ಕನ್ನಡ. ‘ಅರ್ಜಿದಾರರು ಈ ವಿವರವನ್ನು ಕಚೇರಿಗೆ ಬರೆದು’ ಎನ್ನುವ ತನಕ ಎಲ್ಲವೂ ಸರಿ. ಮುಂದಿನ ಪದ ‘ಕೊಡಬೇಕು’. ‘ಕ’ ಒತ್ತಿ, ಒತ್ವ ಹಾಕಲು ಎಡಗೈ ಕಿರುಬೆರಳು ಮೇಲಿನ ಮೂಲೆಗೆ ಹೋಯಿತೋ ಇಲ್ಲವೋ, ಖಾನೆ ಖಾಲಿ. ಬೆರಳುಗಳು ಅಷ್ಟರಲ್ಲಿ ಮುಂದೆ ಓಡಿರುತ್ತವೆ. ಕಣ್ಣೆತ್ತಿ ನೋಡಿದರೆ ಖಾನೆಯಲ್ಲಿ ಉಳಿದಿರುವುದು ‘ಡಬೇಕು’ ಮಾತ್ರ. ಕಂಟ್ರೋಲ್-ಝೆಡ್ ಒತ್ತಿದರೂ ಹೋದ ವಾಕ್ಯ ಮರಳುವುದಿಲ್ಲ.

ಇದು ಉಡುಪಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಅನುವಾದಕಿಯ ಮೇಜಿನ ಪ್ರಕರಣ. ದಿನಕ್ಕೆ ಆರೇಳು ಗಂಟೆ ಟೈಪಿಂಗ್, ಅದರಲ್ಲಿ ಮುಕ್ಕಾಲು ಪಾಲು ಕನ್ನಡ. ಕೀಗಳ ವಿನ್ಯಾಸ ಇನ್‌ಸ್ಕ್ರಿಪ್ಟ್ (ಭಾರತೀಯ ಲಿಪಿಗಳಿಗೆಂದು ಮಾನಕವಾದ ಅಕ್ಷರ ಜೋಡಣೆ), ಕೀ ನೋಡದೆ ಹತ್ತೂ ಬೆರಳಲ್ಲಿ ಹೊಡೆಯುವ ಅಭ್ಯಾಸ. ನಂಬರ್ ಪ್ಯಾಡ್ ಇರುವ ಹಳೆಯ 104 ಕೀಗಳ ಮೆಂಬ್ರೇನ್ ಕೀಬೋರ್ಡ್ ತೆಗೆದು, ಆ ಜಾಗಕ್ಕೆ ಪ್ರತಿ ಕೀಗೂ ಬಿಡಿ ಸ್ವಿಚ್ ಇರುವ 68 ಕೀಗಳ ಮೆಕ್ಯಾನಿಕಲ್ ಕೀಬೋರ್ಡ್ ಬಂದಿತ್ತು. ಬ್ಲೂಟೂತ್, 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿ ಕಿಂಡಿಗೆ ಹಾಕುವ ಪುಟ್ಟ ರಿಸೀವರ್), ಕೇಬಲ್ ಹೀಗೆ ಮೂರು ಬಗೆಯಲ್ಲಿ ಕೆಲಸ ಮಾಡುವಂಥದ್ದು. ಬ್ರೌನ್ ಸ್ವಿಚ್, ಬೆಸುಗೆಯಿಲ್ಲದೆ ಕಿತ್ತು ಹಾಕಬಹುದಾದ ಹಾಟ್‌ಸ್ವ್ಯಾಪ್ ಸಾಕೆಟ್, 4000 ಮಿಲಿಆಂಪಿಯರ್-ಅವರ್ ಬ್ಯಾಟರಿ.

ಮೂರು ವಾರದೊಳಗೆ ದೂರುಗಳು ಸಾಲುಗಟ್ಟಿದವು. ಬರೆದದ್ದು ಅಳಿಸಿ ಹೋಗುತ್ತದೆ, ಮೇಲಿನ ಖಾನೆಯ ಬರಹ ಹಾಳಾಗುತ್ತದೆ, ಅಕ್ಷರ ತಾನಾಗಿಯೇ ಮತ್ತೆ ಮತ್ತೆ ಬೀಳುತ್ತದೆ, ಒತ್ತಕ್ಷರ ಒಡೆಯುತ್ತದೆ, ಬಿಡುವಿನ ನಂತರ ಮೊದಲ ಅಕ್ಷರ ಬರುವುದಿಲ್ಲ, ಮಣಿಕಟ್ಟು ನೋಯುತ್ತದೆ. ಎಲ್ಲಕ್ಕೂ ಕೊಟ್ಟ ಕಾರಣ ಒಂದೇ: ‘ವೈರ್‌ಲೆಸ್ ಸರಿಯಿಲ್ಲ.’ ಒಂದೊಂದನ್ನೇ ಬಿಡಿಸಿ ನೋಡಿದಾಗ ಆರರಲ್ಲಿ ಎರಡಕ್ಕೆ ಮಾತ್ರ ವೈರ್‌ಲೆಸ್ ಕಾರಣವಾಗಿತ್ತು. ಅತಿ ಹೆಚ್ಚು ಕೆಲಸ ಕೆಡಿಸಿದ ಎರಡು ದೂರುಗಳು ಇನ್‌ಸ್ಕ್ರಿಪ್ಟ್‌ಗೂ ಸಣ್ಣ ಕೀಬೋರ್ಡಿಗೂ ಹೊಂದಿಕೆಯಾಗದೆ ಹುಟ್ಟಿದವು. ಇಂಗ್ಲಿಷ್ ಟೈಪಿಸ್ಟರಿಗೆ ಅವು ಎದುರಾಗುವುದೇ ಅಪರೂಪ. ಹಾಗಾಗಿ ಕೀಬೋರ್ಡ್ ವಿಮರ್ಶೆಗಳಲ್ಲಿ ಅವುಗಳ ಸುಳಿವು ಸಿಗುವುದಿಲ್ಲ.

ಮೊದಲು ಕೇಬಲ್ ಹಾಕಿ ನೋಡಿದ್ದು

ವೈರ್‌ಲೆಸ್ ಕೀಬೋರ್ಡ್ ಏನೇ ತಂಟೆ ಮಾಡಲಿ, ಮೊದಲ ಪರೀಕ್ಷೆ ಇದೇ ಆಗಬೇಕು. ಹಿಂಬದಿಯ ಗುಂಡಿಯನ್ನು ಕೇಬಲ್ ಕಡೆಗೆ ಸರಿಸಿ, ಡಾಂಗಲ್ ಕಿತ್ತಿಟ್ಟು, ಅರ್ಧ ದಿನ ಎಂದಿನ ಕೆಲಸ ಮಾಡಬೇಕು. ಕೇಬಲ್‌ನಲ್ಲೂ ಉಳಿದ ದೋಷಕ್ಕೂ ರೇಡಿಯೊ ಅಲೆಗೂ ಸಂಬಂಧವಿಲ್ಲ. ಇಲ್ಲಿ ವಾಕ್ಯ ಮಾಯವಾಗುವುದು, ಮೇಲಿನ ಖಾನೆ ಕೆಡುವುದು, ಒತ್ತಕ್ಷರ ಒಡೆಯುವುದು ಕೇಬಲ್‌ನಲ್ಲೂ ಹಾಗೆಯೇ ಉಳಿದವು. ಅಕ್ಷರ ಮರುಕಳಿಸುವುದು ಮತ್ತು ಮೊದಲ ಅಕ್ಷರ ತಪ್ಪುವುದು ನಿಂತವು.

ಮೂಲೆಯ ಕೀ

104 ಕೀಗಳ ಕೀಬೋರ್ಡಿನಲ್ಲಿ ಅಂಕಿ 1ರ ಎಡಕ್ಕೆ, ಟ್ಯಾಬ್‌ನ ಮೇಲೆ ` ಮತ್ತು ~ ಗುರುತಿನ ಕೀ ಇರುತ್ತದೆ. ಇಂಗ್ಲಿಷ್ ಬರೆಯುವವರು ಅದನ್ನು ಮುಟ್ಟುವುದೇ ಇಲ್ಲ ಎನ್ನಬಹುದು. ಕನ್ನಡ ಇನ್‌ಸ್ಕ್ರಿಪ್ಟ್‌ನಲ್ಲಿ ಆ ಕೀ ಒತ್ತಿದರೆ ಒತ್ವ (ೊ), ಶಿಫ್ಟ್ ಹಿಡಿದು ಒತ್ತಿದರೆ ಸ್ವರ ‘ಒ’. ಕೊಡು, ನೋಡಿಕೊಂಡು, ಜೊತೆ, ಹೊಸ, ಮೊದಲು, ಒಂದು, ಒಳಗೆ ಎಲ್ಲವೂ ಆ ಕೀಯನ್ನು ಹಾದೇ ಬರಬೇಕು. ‘ಕೊಂಡು’ ಇಲ್ಲದೆ ಕನ್ನಡದಲ್ಲಿ ಒಂದು ಪುಟ ಬರೆಯುವುದು ಕಷ್ಟ.

ಇಷ್ಟು ಬಳಕೆಯ ಅಕ್ಷರ ಮೂಲೆ ಸೇರಿದ್ದು ಹೇಗೆ ಎಂದು ಕೇಳಿದರೆ, ವಿನ್ಯಾಸವನ್ನು ನೋಡಿದರೇ ತಿಳಿಯುತ್ತದೆ. 1991ರ ಐಎಸ್ 13194 ಮಾನಕದಲ್ಲಿ ಸೇರಿರುವ ಇನ್‌ಸ್ಕ್ರಿಪ್ಟ್, ಭಾರತದ ಹಲವು ಲಿಪಿಗಳಿಗೆ ಒಂದೇ ಚೌಕಟ್ಟು. ‘ಕ’ ಎಲ್ಲ ಲಿಪಿಯಲ್ಲೂ ಕೆ ಕೀಯಲ್ಲೇ. ಹಿಂದಿಗೆ ಬೇಕಾದ ದೀರ್ಘ ಏ, ಓ ಎರಡೂ ಬೆರಳು ಸದಾ ನಿಲ್ಲುವ ಮಧ್ಯದ ಸಾಲಿನಲ್ಲಿ, ಎಸ್ ಮತ್ತು ಎ ಕೀಗಳಲ್ಲಿವೆ. ಹಿಂದಿಗೆ ಬೇಡದ, ದಕ್ಷಿಣದ ಭಾಷೆಗಳಿಗೆ ಬೇಕೇ ಬೇಕಾದ ಹ್ರಸ್ವ ಎ ಕೆಳಗೆ ಝೆಡ್ ಕೀಗೆ, ಹ್ರಸ್ವ ಒ ಮೇಲಿನ ಮೂಲೆಗೆ ಹೋಗಿವೆ.

68 ಕೀಗಳ ಕೀಬೋರ್ಡಿನಲ್ಲಿ ಎಫ್1ರಿಂದ ಎಫ್12ರ ಸಾಲೇ ಇಲ್ಲ. ಆ ಸಾಲಿನ ಎಸ್ಕೇಪ್ ಒಂದು ಹೆಜ್ಜೆ ಕೆಳಗಿಳಿದು ಅದೇ ಮೂಲೆಯಲ್ಲಿ ಕೂರುತ್ತದೆ. ` ಎಫ್‌ಎನ್ ಪದರಕ್ಕೆ, ಅಂದರೆ ಎಫ್‌ಎನ್ ಕೀ ಹಿಡಿದಾಗ ಮಾತ್ರ ಸಿಗುವ ಎರಡನೆಯ ಅರ್ಥಕ್ಕೆ, ಸರಿಯುತ್ತದೆ. ಎಕ್ಸೆಲ್ ಖಾನೆಯಲ್ಲಿ ಬರೆಯುತ್ತಿರುವಾಗ ಎಸ್ಕೇಪ್ ಒತ್ತಿದರೆ ‘ಬರೆದದ್ದು ಬೇಡ’ ಎಂದರ್ಥ. ಹಾಗೆ ಬೇಡವೆಂದ ಬರಹಕ್ಕೆ ಅನ್‌ಡು ಇಲ್ಲ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ‘ಒಂದು’ ಎಂದು ಬರೆಯಲು ಹೊರಟರೆ ಬೆರಳು ಒತ್ತುವುದು ಶಿಫ್ಟ್-ಎಸ್ಕೇಪ್. ಬ್ರೌಸರಿನ ಟಾಸ್ಕ್ ಮ್ಯಾನೇಜರ್ ಕಿಟಕಿ ತೆರೆದುಕೊಳ್ಳುತ್ತದೆ. ‘ಒಂದು’ ಬರೆದಾಗಲೆಲ್ಲ ಕಿಟಕಿ ತೆರೆಯುವುದು ವೈರಸ್ಸಿನ ಕೆಲಸವಿರಬಹುದೆಂದು ಆ್ಯಂಟಿವೈರಸ್ ಓಡಿಸಿ ಅರ್ಧ ದಿನ ಹಾಳಾಗಿತ್ತು.

ತಯಾರಕರು ಕೊಟ್ಟ ದಾರಿ ಎಫ್‌ಎನ್ ಹಿಡಿದು ಎಸ್ಕೇಪ್. ಎಫ್‌ಎನ್ ಕೀ ಬಲ ಕೆಳಮೂಲೆಯಲ್ಲಿ, ಎಸ್ಕೇಪ್ ಎಡ ಮೇಲ್ಮೂಲೆಯಲ್ಲಿ. ಒಂದು ಒತ್ವಕ್ಕೆ ಎರಡೂ ಕೈ ಮಧ್ಯದ ಸಾಲು ಬಿಟ್ಟು ಹೋಗಬೇಕು. ‘ಒ’ಗೆ ಮೂರು ಕೀ. ದಿನಕ್ಕೆ ಒಂದೆರಡು ಬಾರಿಯಾದರೆ ಸಹಿಸಬಹುದು. ಅನುವಾದದ ಕೆಲಸಕ್ಕೆ ಇದು ದಾರಿಯೇ ಅಲ್ಲ.

ಕೀಗಳ ಅರ್ಥವನ್ನು ಕೀಬೋರ್ಡಿನೊಳಗೇ ಬದಲಿಸುವುದೊಂದೇ ಸರಿಯಾದ ಪರಿಹಾರ. ಈ ಕೀಬೋರ್ಡ್ ಕ್ಯೂಎಂಕೆ ಎಂಬ ಫರ್ಮ್‌ವೇರ್ (ಕೀಬೋರ್ಡಿನೊಳಗೇ ಇರುವ ತಂತ್ರಾಂಶ) ಮೇಲೆ ನಡೆಯುವುದರಿಂದ ‘ವಿಯಾ’ ಎಂಬ ಉಚಿತ ಸಲಕರಣೆಯಲ್ಲಿ ಹತ್ತು ನಿಮಿಷದ ಕೆಲಸ. ಕೇಬಲ್ ಹಾಕಿ ಕೀಬೋರ್ಡನ್ನು ಕೇಬಲ್ ಸ್ಥಿತಿಗೆ ತರಬೇಕು. ಬ್ಲೂಟೂತ್‌ನಲ್ಲಿದ್ದರೆ ವಿಯಾಗೆ ಅದು ಕಾಣುವುದಿಲ್ಲ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ವಿಯಾ ಪುಟ ತೆರೆದು ಕೀಬೋರ್ಡಿಗೆ ಅನುಮತಿ ಕೊಡಬೇಕು. ಗುರುತು ಹಿಡಿಯದಿದ್ದರೆ ತಯಾರಕರ ತಾಣದಿಂದ ಆ ಮಾದರಿಯ ಕೀಗಳ ವಿವರವಿರುವ ಜೇಸನ್ ಕಡತ ಇಳಿಸಿ, ಡಿಸೈನ್ ವಿಭಾಗದಲ್ಲಿ ಏರಿಸಬೇಕು. ಆಮೇಲೆ ಚಿತ್ರದಲ್ಲಿ ಮೂಲೆಯ ಎಸ್ಕೇಪ್ ಮೇಲೆ ಒತ್ತಿ, ಕೆಳಗಿನ ಪಟ್ಟಿಯಿಂದ ` ಆರಿಸಿದರೆ ಆಯಿತು. ‘ಸೇವ್’ ಗುಂಡಿ ಇರುವುದಿಲ್ಲ; ಬದಲಾವಣೆ ಆ ಕ್ಷಣವೇ ಕೀಬೋರ್ಡಿನ ನೆನಪಿಗೆ ಹೋಗುತ್ತದೆ. ಕೇಬಲ್ ಕಿತ್ತು ಬ್ಲೂಟೂತ್‌ಗೆ ಹೋದರೂ, ಬೇರೆ ಕಂಪ್ಯೂಟರಿಗೆ ಒಯ್ದರೂ ಉಳಿಯುತ್ತದೆ.

ಇಲ್ಲಿ ಮೊದಲ ಯತ್ನ ವಿಫಲವಾಯಿತು. ಮೂಲೆಯ ಕೀ ಬದಲಿಸಿದ ಮೇಲೂ ಎಸ್ಕೇಪೇ ಬರುತ್ತಿತ್ತು. ಮ್ಯಾಕ್-ವಿಂಡೋಸ್ ಗುಂಡಿ ಇರುವ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ: 0 ಮತ್ತು 1 ಮ್ಯಾಕ್‌ಗೆ, 2 ಮತ್ತು 3 ವಿಂಡೋಸ್‌ಗೆ. ವಿಯಾ ತೆರೆದಾಗ ತೋರಿಸುವುದು 0ನೇ ಪದರ. ಬದಲಾವಣೆ ಅಲ್ಲಿ ಆಗಿತ್ತು, ಗುಂಡಿ ವಿಂಡೋಸ್ ಕಡೆಗಿತ್ತು. 2ನೇ ಪದರಕ್ಕೆ ಹೋಗಿ ಅದನ್ನೇ ಮಾಡಿದಾಗ ಸರಿಯಾಯಿತು. ಅದೇ ಗುಂಡಿ ತಪ್ಪಿ ಮ್ಯಾಕ್ ಕಡೆಗೆ ಸರಿದರೆ ಇನ್ನೊಂದು ಗೊಂದಲವಾಗುತ್ತದೆ. ಆಲ್ಟ್ ಮತ್ತು ವಿಂಡೋಸ್ ಕೀ ಅದಲುಬದಲಾಗಿ, ಭಾಷೆ ಬದಲಿಸುವ ವಿಂಡೋಸ್-ಸ್ಪೇಸ್ ಆಲ್ಟ್-ಸ್ಪೇಸ್ ಆಗುತ್ತದೆ. ಕನ್ನಡಕ್ಕೆ ಹೋಗುವ ಬದಲು ಕಿಟಕಿಯ ಮೆನು ಬೀಳುತ್ತದೆ.

ಇನ್ನು ಎಸ್ಕೇಪ್‌ಗೆ ಜಾಗ ಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಕ್ಯಾಪ್ಸ್ ಲಾಕ್‌ಗೆ ಕೆಲಸವಿಲ್ಲ, ಅದು ಕಿರುಬೆರಳಿನ ಪಕ್ಕದಲ್ಲೇ ಇದೆ. ಅದನ್ನೇ ಇಮ್ಮಡಿ ಕೀ ಮಾಡಲಾಯಿತು: ಒತ್ತಿ ಬಿಟ್ಟರೆ ಎಸ್ಕೇಪ್, ಹಿಡಿದಿದ್ದರೆ 3ನೇ ಪದರ. ಎಷ್ಟು ಹೊತ್ತು ಹಿಡಿದರೆ ‘ಹಿಡಿದಂತೆ’ ಎಂಬುದಕ್ಕೆ ಕ್ಯೂಎಂಕೆಯ ಮೂಲ ಅಳತೆ 200 ಮಿಲಿಸೆಕೆಂಡ್. ಬದಲಿಸುವ ಅಗತ್ಯ ಬೀಳಲಿಲ್ಲ. ಇಂಗ್ಲಿಷ್‌ನಲ್ಲಿ ಎಲ್ಲ ದೊಡ್ಡಕ್ಷರ ಬೇಕಾದಾಗ ವರ್ಡ್‌ನಲ್ಲಿ ಪದ ಆರಿಸಿ ಶಿಫ್ಟ್-ಎಫ್3 ಒತ್ತಿದರೆ ಸಾಕು.

ಈ ಫರ್ಮ್‌ವೇರ್‌ನಲ್ಲಿ ‘ಗ್ರೇವ್ ಎಸ್ಕೇಪ್’ ಎಂಬ ಸಿದ್ಧ ಕೀ ಇದೆ. ಸಣ್ಣ ಕೀಬೋರ್ಡಿನವರಿಗೆ ಅದನ್ನೇ ಹಾಕಿಕೊಳ್ಳಿ ಎಂಬ ಸಲಹೆ ಸಿಗುತ್ತದೆ. ಸುಮ್ಮನೆ ಒತ್ತಿದರೆ ಎಸ್ಕೇಪ್, ಶಿಫ್ಟ್ ಜೊತೆ ಒತ್ತಿದರೆ ~ ಬರುತ್ತದೆ. ಕನ್ನಡಕ್ಕೆ ಇದು ಅರ್ಧ ಪರಿಹಾರ. ‘ಒಂದು’ ಬರುತ್ತದೆ, ‘ಕೊಡು’ ಬರುವುದಿಲ್ಲ. ಇನ್‌ಸ್ಕ್ರಿಪ್ಟ್ ಬಳಸುವವರು ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಕೀಬೋರ್ಡ್ ವಿಯಾ ಒಪ್ಪದಿದ್ದರೆ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಉಚಿತ ಸಲಕರಣೆ ಪವರ್‌ಟಾಯ್ಸ್‌ನ ಕೀಬೋರ್ಡ್ ಮ್ಯಾನೇಜರ್‌ನಿಂದ ಎಸ್ಕೇಪನ್ನು ` ಆಗಿಯೂ ಕ್ಯಾಪ್ಸ್ ಲಾಕನ್ನು ಎಸ್ಕೇಪ್ ಆಗಿಯೂ ಬದಲಿಸಬಹುದು. ಆದರೆ ಅದು ಹಿನ್ನೆಲೆಯಲ್ಲಿ ಓಡುತ್ತಿರುವಾಗ ಮಾತ್ರ ನಡೆಯುತ್ತದೆ. ಲಾಗಿನ್ ಪರದೆಯಲ್ಲಿ ನಡೆಯುವುದಿಲ್ಲ, ಪಾಸ್‌ವರ್ಡ್‌ನಲ್ಲಿ ` ಅಥವಾ ~ ಇದ್ದವರು ಇದನ್ನು ನೆನಪಿಡಬೇಕು.

ಮೂಲೆಯ ಕೀ ಮೇಲೆ ‘ಎಸ್ಕೇಪ್’ ಎಂದು ಬರೆದಿರುವುದು ಕಣ್ಣಿಗೆ ಚುಚ್ಚುತ್ತದೆ. ಅದರ ಟೋಪಿಯನ್ನು (ಕೀಕ್ಯಾಪ್) ಕ್ಯಾಪ್ಸ್ ಲಾಕ್ ಮೇಲೆ ಹಾಕಲಾಗದು. ಒಂದು ಅಕ್ಷರದ ಕೀಯ ಅಗಲಕ್ಕೆ 1 ಯೂನಿಟ್ ಎನ್ನುತ್ತಾರೆ. ಎಸ್ಕೇಪ್ 1 ಯೂನಿಟ್, ಕ್ಯಾಪ್ಸ್ ಲಾಕ್ 1.75 ಯೂನಿಟ್ ಅಗಲ. ಮೇಲಿನ ಸಾಲಿಗೆಂದೇ ಇರುವ ಬರಹವಿಲ್ಲದ 1 ಯೂನಿಟ್ ಟೋಪಿ ಹಾಕಿ, ಅದರ ಮೇಲೆ ‘ೊ ಒ’ ಎಂಬ ಚಿಕ್ಕ ಸ್ಟಿಕರ್ ಅಂಟಿಸಲಾಯಿತು. ಟೋಪಿ ಕೊಳ್ಳುವಾಗ ಸಾಲಿನ ಅಂಕಿ ನೋಡಬೇಕು, ಪ್ರತಿ ಸಾಲಿನ ಟೋಪಿಯ ಇಳಿಜಾರು ಬೇರೆ.

ಅರ್ಧವಾದ ಬಲ ಶಿಫ್ಟ್

ಎರಡನೆಯ ದೂರು ಇನ್ನೂ ಅಪಾಯದ್ದು, ಏಕೆಂದರೆ ಹಾಳಾಗುತ್ತಿದ್ದದ್ದು ಆಗಲೇ ಮುಗಿಸಿಟ್ಟ ವಾಕ್ಯ. ಮೇಲಿನ ಖಾನೆಯಲ್ಲಿದ್ದ ಇಡೀ ಅನುವಾದ ಹೋಗಿ ಅಲ್ಲಿ ಒಂಟಿ ‘್’ ಚಿಹ್ನೆ ಕುಳಿತಿರುತ್ತಿತ್ತು.

ಇನ್‌ಸ್ಕ್ರಿಪ್ಟ್‌ನ ಸ್ವರಗಳು, ‘ಋ’ ಒಂದನ್ನು ಬಿಟ್ಟರೆ, ಎಲ್ಲ ಎಡಗೈಯಲ್ಲಿವೆ. ಕಾಗುಣಿತದ ಚಿಹ್ನೆಗೆ ಸುಮ್ಮನೆ ಒತ್ತಬೇಕು, ಪೂರ್ಣ ಸ್ವರಕ್ಕೆ ಶಿಫ್ಟ್ ಬೇಕು. ‘ಅ’ ಎಂದರೆ ಶಿಫ್ಟ್-ಡಿ, ‘ಆ’ ಶಿಫ್ಟ್-ಇ, ‘ಇ’ ಶಿಫ್ಟ್-ಎಫ್, ‘ಉ’ ಶಿಫ್ಟ್-ಜಿ. ಟೈಪಿಂಗ್ ತರಗತಿಯಲ್ಲಿ ಕಲಿತವರು ಎಡಗೈ ಅಕ್ಷರಕ್ಕೆ ಬಲಗೈ ಶಿಫ್ಟ್ ಹಿಡಿಯುತ್ತಾರೆ. ದೊಡ್ಡ ಕೀಬೋರ್ಡಿನಲ್ಲಿ ಬಲ ಶಿಫ್ಟ್ 2.75 ಯೂನಿಟ್, ಅಂದರೆ ಸುಮಾರು 52 ಮಿಲಿಮೀಟರ್ ಉದ್ದ. ಇಲ್ಲಿ ಅದು 1.75 ಯೂನಿಟ್, 33 ಮಿಲಿಮೀಟರ್. ಕಡಿಮೆಯಾದ ಜಾಗದಲ್ಲಿ ಮೇಲ್ಬಾಣದ ಕೀ ಇದೆ. ಹಳೆಯ ಅಭ್ಯಾಸದಂತೆ ಶಿಫ್ಟ್‌ನ ಬಲತುದಿಗೆ ಹೋದ ಕಿರುಬೆರಳು ಬಾಣವನ್ನು ಒತ್ತುತ್ತದೆ.

ಎಕ್ಸೆಲ್‌ನಲ್ಲಿ ಹೊಸದಾಗಿ ಬರೆಯುತ್ತಿರುವಾಗ ಬಾಣ ಒತ್ತಿದರೆ ಖಾನೆ ಮುಗಿದು ಕರ್ಸರ್ ಮೇಲಿನ ಖಾನೆಗೆ ಹಾರುತ್ತದೆ. ಅದರ ಹಿಂದೆಯೇ ಬಂದ ಡಿ, ಶಿಫ್ಟ್ ಇಲ್ಲದ್ದರಿಂದ, ‘ಅ’ ಆಗದೆ ‘್’ ಆಗುತ್ತದೆ. ಖಾನೆಯ ಮೇಲೆ ನಿಂತು ಹೊಡೆದ ಅಕ್ಷರ ಅಲ್ಲಿದ್ದ ಬರಹವನ್ನೆಲ್ಲ ಅಳಿಸಿ ತಾನು ಕೂರುತ್ತದೆ. ಇದನ್ನು ಕೂಡಲೇ ಕಂಡರೆ ಕಂಟ್ರೋಲ್-ಝೆಡ್‌ನಿಂದ ವಾಪಸು ತರಬಹುದು. ಕಾಣದೆ ಮುಂದೆ ಹೋದರೆ ಕಡತ ಗಿರಾಕಿಗೆ ತಲುಪಿದ ಮೇಲೆ ಬಯಲಾಗುತ್ತದೆ.

ತಾತ್ಕಾಲಿಕ ಉಪಾಯವಾಗಿ, ಬರೆಯುವ ಮೊದಲು ಖಾನೆಯಲ್ಲಿ ಎಫ್2 ಒತ್ತಬಹುದು. ಆಗ ಬಾಣ ಖಾನೆಯೊಳಗೇ ಓಡಾಡುತ್ತದೆ. ಈ ಕೀಬೋರ್ಡಿನಲ್ಲಿ ಎಫ್2 ಎಂದರೆ ಎಫ್‌ಎನ್ ಜೊತೆ 2, ಅದೂ ಒಂದು ಹೊರೆಯೇ. ಮೇಲ್ಬಾಣವನ್ನು ‘ಒತ್ತಿದರೆ ಬಾಣ, ಹಿಡಿದರೆ ಶಿಫ್ಟ್’ ಮಾಡಿಯೂ ನೋಡಲಾಯಿತು. ವೇಗದ ಟೈಪಿಂಗ್‌ನಲ್ಲಿ ಶಿಫ್ಟ್ ಹಿಡಿಯುವುದು 200 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು. ಆದ್ದರಿಂದ ಬಾಣವೇ ಬೀಳುತ್ತಿತ್ತು. ಕೊನೆಗೆ ಉಳಿದದ್ದು ನೇರ ದಾರಿ. ಮೇಲ್ಬಾಣದ ಕೀಯನ್ನೂ ಶಿಫ್ಟ್ ಮಾಡಿ, ನಾಲ್ಕೂ ಬಾಣಗಳನ್ನು ಕ್ಯಾಪ್ಸ್ ಲಾಕ್ ಹಿಡಿದಾಗಿನ ಪದರಕ್ಕೆ ಹಾಕಲಾಯಿತು. ಐ ಮೇಲೆ, ಕೆ ಕೆಳಗೆ, ಜೆ ಎಡ, ಎಲ್ ಬಲ. ಯು ಮತ್ತು ಓ ಕೀಗಳಿಗೆ ಹೋಮ್, ಎಂಡ್. ಕರಡು ತಿದ್ದುವವರಿಗೆ ಇದು ಲಾಭವೇ ಆಯಿತು, ಸಾಲಿನ ತುದಿಗೆ ಹೋಗಲು ಕೈ ಎತ್ತಬೇಕಿಲ್ಲ. ಎಲ್ಲದಕ್ಕೂ ಎಡ ಶಿಫ್ಟನ್ನೇ ಬಳಸುವವರಿಗೆ ಈ ಬದಲಾವಣೆ ಬೇಕಾಗುವುದಿಲ್ಲ.

ತತತತತತ

ಈಗ ನಿಜವಾದ ವೈರ್‌ಲೆಸ್ ದೋಷ. ಯಾವುದೋ ಒಂದು ಅಕ್ಷರ ಹತ್ತು ಹದಿನೈದು ಬಾರಿ ಬೀಳುವುದು. ಇಂಥದೇ ಕೀ ಎಂದಿಲ್ಲ, ಇಂಥದೇ ಹೊತ್ತು ಎಂದಿಲ್ಲ. ಕೀ ಒತ್ತಿದಾಗ ‘ಒತ್ತಿದೆ’ ಎಂಬ ಸುದ್ದಿ, ಬಿಟ್ಟಾಗ ‘ಬಿಟ್ಟಿದೆ’ ಎಂಬ ಸುದ್ದಿ ಕಂಪ್ಯೂಟರಿಗೆ ಹೋಗುತ್ತದೆ. ಎರಡನೆಯ ಸುದ್ದಿ ದಾರಿಯಲ್ಲಿ ತಡವಾದರೆ ಬೆರಳು ಇನ್ನೂ ಒತ್ತಿಕೊಂಡೇ ಇದೆ ಎಂದು ಕಂಪ್ಯೂಟರ್ ತಿಳಿದು ಅಕ್ಷರವನ್ನು ಮತ್ತೆ ಮತ್ತೆ ಹಾಕುತ್ತದೆ.

ಮೇಜಿನ ಕೆಳಗೆ ನೋಡಿದಾಗ ಕಾರಣ ಕಂಡಿತು. ಸಿಪಿಯು ಪೆಟ್ಟಿಗೆಯ ಹಿಂಬದಿಯ ನೀಲಿ ಯುಎಸ್‌ಬಿ 3 ಕಿಂಡಿಯಲ್ಲಿ ಡಾಂಗಲ್, ಅದಕ್ಕೆ ತಾಗಿದಂತೆ ಪಕ್ಕದ ಕಿಂಡಿಯಲ್ಲಿ ಬ್ಯಾಕಪ್‌ನ ಹೊರ ಹಾರ್ಡ್‌ಡಿಸ್ಕ್. ಯುಎಸ್‌ಬಿ 3 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗಿಸುವಾಗ ಕನೆಕ್ಟರ್ ಮತ್ತು ಕೇಬಲ್‌ನಿಂದ ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆಯೇ ಬೀಳುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಡಾಂಗಲ್‌ನ ಕಿವಿಯ ಪಕ್ಕದಲ್ಲೇ ಯಾರೋ ಕೂಗುತ್ತಿದ್ದಂತೆ. ಒಂದು ಮೀಟರ್ ದೂರದ ಕೀಬೋರ್ಡಿನ ಸಣ್ಣ ದನಿ ಕೇಳಿಸುವುದಿಲ್ಲ. ಬ್ಯಾಕಪ್ ನಡೆಯುವ ಹೊತ್ತಿಗೂ ಅಕ್ಷರ ಮರುಕಳಿಸುವ ಹೊತ್ತಿಗೂ ತಾಳೆ ಬಿತ್ತು. ಡಿಸ್ಕ್ ಕಿತ್ತರೆ ದೋಷ ಇಲ್ಲ, ಹಾಕಿ ದೊಡ್ಡ ಕಡತ ನಕಲು ಮಾಡಿದರೆ ಮತ್ತೆ ಹಾಜರು.

ಒಂದು ಮೀಟರ್ ಉದ್ದದ ಯುಎಸ್‌ಬಿ 2 ಎಕ್ಸ್‌ಟೆನ್ಶನ್ ಕೇಬಲ್‌ನಿಂದ ಡಾಂಗಲ್ ಮೇಜಿನ ಮೇಲೆ ಬಂತು. ಅದನ್ನು ಕಪ್ಪು ಯುಎಸ್‌ಬಿ 2 ಕಿಂಡಿಗೆ ಹಾಕಿ, ತುದಿಯನ್ನು ಮಾನಿಟರ್ ಕಾಲಿನ ಬಳಿ ಟೇಪ್‌ನಿಂದ ಅಂಟಿಸಿ, ಹಾರ್ಡ್‌ಡಿಸ್ಕನ್ನು ಮೇಜಿನ ಇನ್ನೊಂದು ತುದಿಗೆ ಸರಿಸಲಾಯಿತು. ಮನೆಯ ವೈಫೈಯಲ್ಲಿ ಕಂಪ್ಯೂಟರನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದ್ದೂ ಸೇರಿ ಆ ತಿಂಗಳು ಪೂರ್ತಿ ಒಂದೂ ಮರುಕಳಿಕೆ ಬರಲಿಲ್ಲ.

ಡಾಂಗಲ್ ಬಿಟ್ಟು ಬ್ಲೂಟೂತ್ ಹಿಡಿಯಬಹುದಿತ್ತಲ್ಲ? ಟೈಪಿಂಗ್‌ಗೆ ಎರಡರ ವೇಗದಲ್ಲಿ ಬೆರಳಿಗೆ ಗೊತ್ತಾಗುವಂಥ ವ್ಯತ್ಯಾಸವಿಲ್ಲ. ಆದರೆ ಬ್ಲೂಟೂತ್ ಕೂಡ ಅದೇ 2.4 ಪಟ್ಟಿಯಲ್ಲಿದೆ, ಸಿಪಿಯು ಪೆಟ್ಟಿಗೆಯ ಆಂಟೆನಾ ಅದೇ ಹಿಂಬದಿಯ ಕತ್ತಲಲ್ಲಿದೆ. ಲ್ಯಾಪ್‌ಟಾಪಿಗೆ ಬ್ಲೂಟೂತ್, ಡೆಸ್ಕ್‌ಟಾಪಿಗೆ ಡಾಂಗಲ್ ಎಂದು ಹಂಚಿಕೊಂಡದ್ದೇ ಇಲ್ಲಿ ಸರಿಬಂತು.

ಬಿಡುವಿನ ನಂತರ ಮೊದಲ ಅಕ್ಷರ ತಪ್ಪುವುದು ದೋಷವಲ್ಲ, ನಿದ್ದೆ. ಬ್ಯಾಟರಿ ಉಳಿಸಲು ಹತ್ತು ನಿಮಿಷ ಮುಟ್ಟದಿದ್ದರೆ ಇದು ಮಲಗುತ್ತದೆ. ಎಚ್ಚರವಾಗಿ ಮತ್ತೆ ಜೋಡಿಯಾಗಲು ಒಂದೆರಡು ಸೆಕೆಂಡ್ ಬೇಕು, ಎಬ್ಬಿಸಿದ ಕೀ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ: ವ್ಯಂಜನ ಹೋಗಿ ಬರೀ ಚಿಹ್ನೆ ಬಂದಾಗ ಚುಕ್ಕಿಗಳ ವೃತ್ತದ ಮೇಲೆ ಏತ್ವವೋ ಕೊಂಬೋ ನೇತಾಡುತ್ತಿರುತ್ತದೆ. ಕೂತ ಕೂಡಲೇ ಒಮ್ಮೆ ಶಿಫ್ಟ್ ಒತ್ತಿ ಎಬ್ಬಿಸಿ ಬರೆಯಲು ತೊಡಗಿದರೆ ಸಾಕು.

ಡಿ ಕೀ

‘ಅಕ್ಕ’ ಬರೆದರೆ ಮಧ್ಯೆ ಚುಕ್ಕಿ ವೃತ್ತ ನುಸುಳುತ್ತಿತ್ತು, ‘ಅಮ್ಮ’ದಲ್ಲೂ ಹಾಗೆಯೇ. ಒತ್ತಕ್ಷರ ಕೂಡಿಸುವ ‘್’ ಇರುವುದು ಡಿ ಕೀಯಲ್ಲಿ. ಒಮ್ಮೆ ಒತ್ತಿದರೆ ಎರಡು ಬೀಳುತ್ತಿತ್ತು. ಹಿಂದಿನ ದೋಷದಿಂದ ಇದನ್ನು ಬೇರೆ ಮಾಡುವುದು ಸುಲಭ. ರೇಡಿಯೊ ತೊಂದರೆ ಯಾವ ಕೀಗಾದರೂ ಬರುತ್ತದೆ, ಉದ್ದ ಸಾಲು ಬೀಳುತ್ತದೆ. ಸ್ವಿಚ್ಚಿನ ತೊಂದರೆ ಒಂದೇ ಕೀಗೆ ಅಂಟಿಕೊಂಡಿರುತ್ತದೆ, ಬೀಳುವುದು ಎರಡೇ.

ಸ್ವಿಚ್ಚಿನೊಳಗೆ ಎರಡು ಲೋಹದ ಎಲೆಗಳು ಸೇರಿ ಬಿಡುತ್ತವೆ. ಸೇರುವಾಗ ಕೆಲವು ಮಿಲಿಸೆಕೆಂಡ್ ಅದುರುವುದು ಸಹಜ. ಆ ಅದುರನ್ನು ಲೆಕ್ಕಿಸದಿರಲು ಫರ್ಮ್‌ವೇರ್ ಕಾಯುವ ಸಮಯ ಕ್ಯೂಎಂಕೆಯಲ್ಲಿ ಸಾಮಾನ್ಯವಾಗಿ 5 ಮಿಲಿಸೆಕೆಂಡ್. ದೂಳು, ತೇವ, ತುಕ್ಕು ಸೇರಿದರೆ ಅದುರು ಅದಕ್ಕಿಂತ ಉದ್ದವಾಗಿ, ಒಂದೇ ಒತ್ತು ಎರಡಾಗಿ ಕಾಣುತ್ತದೆ. ಕರಾವಳಿಯ ಮಳೆಗಾಲದಲ್ಲಿ ಕಿಟಕಿ ಪಕ್ಕದ ಮೇಜಿಗೆ ಇದು ಹೊಸದಲ್ಲ.

ಕೀಬೋರ್ಡ್ ಆಫ್ ಮಾಡಿ, ಡಿ ಸ್ವಿಚ್ಚನ್ನು ಅಪರೂಪಕ್ಕೆ ಬಳಸುವ ಬಲ ಅಂಚಿನ ಒಂದು ಸ್ವಿಚ್ಚಿನ ಜೊತೆ ಅದಲುಬದಲು ಮಾಡಲಾಯಿತು. ದೋಷ ಸ್ವಿಚ್ಚಿನ ಜೊತೆಗೇ ಆ ಅಂಚಿಗೆ ಹೋಯಿತು. ಡಿ ಜಾಗದಲ್ಲೇ ಉಳಿದಿದ್ದರೆ ಸಾಕೆಟ್ ಅಥವಾ ಬೋರ್ಡ್ ನೋಡಬೇಕಿತ್ತು. ಕೀಳುವಾಗ ಇಕ್ಕಳ ಹಿಡಿಯಬೇಕಾದದ್ದು ಸ್ವಿಚ್ಚಿನ ಮೇಲೆ-ಕೆಳಗೆ ಇರುವ ಕೊಕ್ಕೆಗಳನ್ನು. ಪಕ್ಕ ಹಿಡಿದರೆ ಸ್ವಿಚ್‌ಗಳು ಕೂರುವ ತಟ್ಟೆ ಗೀರುತ್ತದೆ. ಹಾಕುವ ಮೊದಲು ಎರಡೂ ತಾಮ್ರದ ಕಾಲು ನೆಟ್ಟಗಿವೆಯೇ ನೋಡಬೇಕು. ಬಾಗಿದ ಕಾಲನ್ನು ಒತ್ತಿಬಿಟ್ಟರೆ ಅದು ಮಡಚಿ ಕೂತು ಕೀ ಪೂರ್ತಿ ಸತ್ತಂತೆ ಕಾಣುತ್ತದೆ. ಜೋರು ಹಾಕಿದರೆ ಅಡಿಯ ಸಾಕೆಟ್ ಬೋರ್ಡಿನಿಂದ ಕಿತ್ತುಬರುತ್ತದೆ. ಆಮೇಲೆ ಬೆಸುಗೆ ಹಾಕುವವರನ್ನು ಹುಡುಕಬೇಕು. ಬಿಡಿ ಸ್ವಿಚ್ ನಾಲ್ಕಾರು ತರಿಸಿಟ್ಟುಕೊಳ್ಳುವುದು ಒಳಿತು, ಮೂರು ಕಾಲೋ ಐದು ಕಾಲೋ (ಎರಡು ತಾಮ್ರದವು, ಉಳಿದವು ಪ್ಲಾಸ್ಟಿಕ್‌ನವು) ಎಂಬುದನ್ನು ನೋಡಿಯೇ. ಐದು ಕಾಲಿನ ಸಾಕೆಟ್‌ಗೆ ಎರಡೂ ಹೊಂದುತ್ತವೆ, ಮೂರು ಕಾಲಿನದಕ್ಕೆ ಐದು ಕಾಲಿನದು ಕೂರುವುದಿಲ್ಲ.

ಎತ್ತರ

ಮಣಿಕಟ್ಟಿನ ನೋವು ಹತ್ತನೇ ದಿನಕ್ಕೆ ಶುರುವಾಗಿತ್ತು. ಹಳೆಯ ಮೆಂಬ್ರೇನ್ ಕೀಬೋರ್ಡ್ ತೆಳುವಾಗಿತ್ತು. ಇದರ ಮುಂಭಾಗದ ಎತ್ತರವೇ 20 ಮಿಲಿಮೀಟರ್, ಹಿಂಬದಿಯ ಕಾಲು ಬಿಡಿಸಿದ್ದರಿಂದ ಮೇಲಿನ ಸಾಲು ಇನ್ನೂ ಎತ್ತರ. ಮೇಜು 75 ಸೆಂಟಿಮೀಟರ್. ಮೊಣಕೈಗಿಂತ ಎತ್ತರದಲ್ಲಿ ಕೀಗಳಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗಿಯೇ ಇರುತ್ತದೆ. ಕಾಲು ಮಡಚಿದ್ದು ಮೊದಲ ತಿದ್ದುಪಡಿ, ಅದರಿಂದಲೇ ಅರ್ಧ ನೋವು ಇಳಿಯಿತು. ಕುರ್ಚಿಯನ್ನು 3 ಸೆಂಟಿಮೀಟರ್ ಏರಿಸಿ, ನೆಲ ಬಿಟ್ಟ ಪಾದಗಳಿಗೆ ಊಟದ ಮಣೆಯೊಂದನ್ನು ಇಟ್ಟದ್ದು ಎರಡನೆಯದು. ಕೀಬೋರ್ಡಿನ ಮುಂದೆ ಅಷ್ಟೇ ಎತ್ತರದ, 20 ಮಿಲಿಮೀಟರ್ ದಪ್ಪದ ಮರದ ಪಟ್ಟಿ ಬಂತು. ಅಂಗೈ ಅದರ ಮೇಲೆ ಇರಬೇಕಾದದ್ದು ಯೋಚಿಸುವ ಹೊತ್ತಿನಲ್ಲಿ; ಹೊಡೆಯುವಾಗ ಮಣಿಕಟ್ಟನ್ನು ಅದಕ್ಕೆ ಒತ್ತಿ ಹಿಡಿದರೆ ನೋವು ಮರಳುತ್ತದೆ.

ಸಣ್ಣ ಕೀಬೋರ್ಡಿನ ನಿಜವಾದ ಸುಖ ಭುಜಕ್ಕೆ. ಒಂದು ಯೂನಿಟ್ 19.05 ಮಿಲಿಮೀಟರ್, ದೊಡ್ಡದು 22.5 ಯೂನಿಟ್ ಅಗಲ, ಇದು 16. ಮೌಸ್ 12 ಸೆಂಟಿಮೀಟರ್‌ಗೂ ಹೆಚ್ಚು ಮೈಯ ಹತ್ತಿರ ಬರುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ಇದನ್ನೇ ಉಳಿಸಿಕೊಳ್ಳಲು ಕಾರಣವೂ ಅದೇ.

ಬ್ಯಾಟರಿಗೆ ಹೆಚ್ಚು ಹೇಳುವುದಿಲ್ಲ: ದೀಪ ಆರಿಸಿ. 68 ಎಲ್‌ಇಡಿಗಳು ತಲಾ ಒಂದೇ ಮಿಲಿಆಂಪಿಯರ್ ಎಳೆದರೂ 4000ದ ಬ್ಯಾಟರಿ 58 ಗಂಟೆಗೆ ಮುಗಿಯುತ್ತದೆ. ಎರಡೂ ತುದಿ ಟೈಪ್-ಸಿ ಇರುವ ಫೋನ್ ಕೇಬಲ್‌ನಿಂದ ಚಾರ್ಜ್ ಆಗದಿದ್ದರೆ ಕೀಬೋರ್ಡ್ ಕೆಟ್ಟಿತೆಂದುಕೊಳ್ಳಬೇಡಿ. ಕೆಲವು ಕೀಬೋರ್ಡುಗಳು ಆ ಚಾರ್ಜರಿಗೆ ‘ವಿದ್ಯುತ್ ಕೊಡು’ ಎಂದು ತಿಳಿಸುವ ರೆಸಿಸ್ಟರನ್ನೇ ಹೊಂದಿರುವುದಿಲ್ಲ. ಚಪ್ಪಟೆ ಯುಎಸ್‌ಬಿಯಿಂದ ಸಿಗೆ ಹೋಗುವ ಕೇಬಲ್‌ನಲ್ಲಿ ಆಗುತ್ತದೆ. ಆ ಕೇಬಲನ್ನು ಮೇಜಿನ ಡ್ರಾಯರಿನಲ್ಲೇ ಇಟ್ಟಿರಬೇಕು. ವಿಂಡೋಸ್ ಶುರುವಾಗುವ ಮುಂಚಿನ ಬಯೋಸ್ ಪರದೆಯಲ್ಲಿ, ಡಿಸ್ಕಿನ ಬೀಗವಾದ ಬಿಟ್‌ಲಾಕರ್ ಸಂಖ್ಯೆ ಕೇಳುವಲ್ಲಿ ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ.

ಕೊಳ್ಳುವ ಮುಂಚೆಯೇ ನೋಡಬಹುದಾಗಿದ್ದದ್ದು

ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಹಾದಿಯ ಕಗಪ (ಕನ್ನಡ ಗಣಕ ಪರಿಷತ್ತಿನ ಕೀ ವಿನ್ಯಾಸ) ಅಥವಾ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಮೂಲೆಯ ಕೀ ತೊಂದರೆ ಬರುವುದೇ ಇಲ್ಲ. ಅಲ್ಲಿ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕೀಗಳಲ್ಲೇ ಇದೆ: ಒತ್ವ ಓ ಕೀಯಲ್ಲಿ, ಒತ್ತಕ್ಷರದ ಕೊಂಡಿ ಎಫ್ ಕೀಯಲ್ಲಿ. 60 ಕೀಗಳ ಕೀಬೋರ್ಡಿನಲ್ಲೂ ಅವರಿಗೆ ಕನ್ನಡದ ಒಂದು ಅಕ್ಷರವೂ ಕಳೆಯುವುದಿಲ್ಲ. ಇನ್‌ಸ್ಕ್ರಿಪ್ಟ್‌ನವರು ಮಾತ್ರ ಕೀಬೋರ್ಡಿನ ಫೋಟೊ ದೊಡ್ಡದು ಮಾಡಿ ನೋಡಬೇಕು. 1ರ ಎಡಕ್ಕೆ ಏನಿದೆ, ‘ಯ’ ಇರುವ / ಕೀ, ‘ಟ’ ಇರುವ ಉದ್ಧರಣ ಚಿಹ್ನೆಯ ಕೀ, ‘ಡ’ ಇರುವ [ ಕೀ ತಮ್ಮ ಜಾಗದಲ್ಲೇ ಇವೆಯೇ, ಬಲ ಶಿಫ್ಟ್ ಎಷ್ಟುದ್ದ. 84 ಕೀಗಳ, ಶೇ. 75 ಎಂದು ಕರೆಯುವ ಮಾದರಿಯಲ್ಲಿ ಎಫ್ ಸಾಲು ಉಳಿದಿರುವುದರಿಂದ ` ಕೀ ತನ್ನ ಮೂಲೆಯಲ್ಲೇ ಇರುತ್ತದೆ, ಅಗಲವೂ ಇದಕ್ಕಿಂತ ಹೆಚ್ಚಿಲ್ಲ. ಹೊಸದಾಗಿ ಕೊಳ್ಳುವ ಇನ್‌ಸ್ಕ್ರಿಪ್ಟ್ ಟೈಪಿಸ್ಟರಿಗೆ ನಿಸ್ಸಂಶಯವಾಗಿ ಅದೇ ಸರಿ.

ಈ ಪ್ರಕರಣದಲ್ಲಿ ಒಂದು ಕೆಲಸ ಮಾತ್ರ ಕೊನೆಯವರೆಗೂ ಬಾಕಿ ಉಳಿದಿತ್ತು. ಮೂಲೆಯ ಕೀ ಸರಿಹೋಗುವ ಮುಂಚಿನ ದಿನಗಳಲ್ಲಿ ಅನುವಾದಕಿ ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ‘ಕ’ಕ್ಕೆ ಎತ್ವ (ೆ), ಅದಕ್ಕೆ ಕೊಂಬಿನ ದೀರ್ಘ (ೂ), ಅಂದರೆ ಝೆಡ್ ಒತ್ತಿ ಟಿ ಒತ್ತಿದರೆ ಪರದೆಯ ಮೇಲೆ ಅಚ್ಚುಕಟ್ಟಾದ ‘ಕೊ’. ಕೈಬರಹದಲ್ಲಿ ನಾವು ಬರೆಯುವುದೂ ಹಾಗೆಯೇ. ಯೂನಿಕೋಡ್ ಕೂಡ ಎರಡನ್ನೂ ಸಮಾನವೆಂದೇ ಒಪ್ಪುತ್ತದೆ, ಆದರೆ ಕಡತದೊಳಗೆ ಅವು ಬೇರೆ ಬೇರೆ ಸಂಕೇತಗಳು: ಒಂದು ಕಡೆ 0ಸಿಸಿಎ ಎಂಬ ಒಂದೇ ಚಿಹ್ನೆ, ಇನ್ನೊಂದು ಕಡೆ 0ಸಿಸಿ6 ಮತ್ತು 0ಸಿಸಿ2 ಎಂಬ ಎರಡು. ಸಮಾನತೆಯನ್ನು ಗಮನಿಸದ ತಂತ್ರಾಂಶದಲ್ಲಿ ‘ಕೊಡು’ ಹುಡುಕಿದರೆ ಒಂದು ಬಗೆಯದು ಮಾತ್ರ ಸಿಗುತ್ತದೆ, ಕಾಗುಣಿತ ಪರೀಕ್ಷಕ ಇನ್ನೊಂದರ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಕಡತದ ನಕಲು ಇಟ್ಟುಕೊಂಡು, ‘ಹುಡುಕು’ ಖಾನೆಯಲ್ಲಿ ಝೆಡ್ ಮತ್ತು ಟಿ ಒತ್ತಿ ಜೋಡಿ ಚಿಹ್ನೆಯನ್ನೂ ‘ಬದಲಿಸು’ ಖಾನೆಯಲ್ಲಿ ಮೂಲೆಯ ಕೀ ಒತ್ತಿ ಒಂಟಿ ಚಿಹ್ನೆಯನ್ನೂ ಕೊಟ್ಟು, ಆ ಮೂರು ವಾರದ ಕಡತಗಳನ್ನೆಲ್ಲ ಒಂದೊಂದಾಗಿ ತಿದ್ದಲಾಯಿತು. ನೋಡುವ ಕಣ್ಣಿಗೆ ಮುಂಚೆಗೂ ಆಮೇಲಿಗೂ ಏನೂ ವ್ಯತ್ಯಾಸವಿರಲಿಲ್ಲ. ಹುಡುಕಾಟದಲ್ಲಿ ಮಾತ್ರ ‘ಕೊಡು’ಗಳೆಲ್ಲ ಒಟ್ಟಿಗೆ ಸಿಕ್ಕವು.